ಯಂತ್ರಕ್ಕೆ ನೀರೆರೆಯುವ ಅಕನಿಸಿ

ಫಿಜಿಯ ಲೌಟೋಕ ಬಂದರಿನ ಹಿಂಬದಿಯ ಅಂಗಳದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮಣ್ಣು ಅಗೆಯುವ ಮೂವತ್ತು ಟನ್ನಿನ ಡಿಗ್ಗರಿನ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿವೆ. ಒಂದಕ್ಕೆ ಕಪ್ಪು ಗಂಬೂಟು, ಇನ್ನೊಂದಕ್ಕೆ ಹಸಿರು. ಜೋಡಿಯಲ್ಲಿ ಒಂದು ಹರಿದರೆ ಇನ್ನೊಂದನ್ನು ಎಸೆಯಲು ಮನಸ್ಸು ಬಾರದವರ ಕಾಲುಗಳವು. ಒಳಗೆ ಕರಕರ ಕೆರೆಯುವ ಸದ್ದು. ಸ್ವಲ್ಪ ಹೊತ್ತಿನಲ್ಲಿ ಒಂದು ಕೈ ಹೊರಬಂದು, ಹಾಲಿನಪುಡಿ ಡಬ್ಬದ ಮುಚ್ಚಳದ ಮೇಲೆ ಉಗುರಿನಷ್ಟು ಕೆಂಪು ಮಣ್ಣು ಇಟ್ಟು ಮತ್ತೆ ಒಳಗೆ ಹೋಗುತ್ತದೆ.

ಕಾಲುಗಳೂ ಕೈಯೂ ಅಕನಿಸಿಯವರವು. ವಯಸ್ಸು ಐವತ್ತೇಳು. ಕೈಯಲ್ಲಿರುವುದು ಬಗ್ಗಿಸಿದ ಹೇರ್‌ಪಿನ್ನು. ಅಂಗಳದಲ್ಲಿ ಪ್ರೆಷರ್ ಪಂಪು, ಗಾಳಿ ಪೈಪು, ಉದ್ದ ಹಿಡಿಯ ಬ್ರಷ್ಷು ಎಲ್ಲವೂ ಇವೆ. ಅವೆಲ್ಲ ಕೈಬಿಟ್ಟ ಮೇಲೆ ಕೊನೆಗೆ ಮರ್ಯಾದೆ ಉಳಿಸುವುದು ಹೇರ್‌ಪಿನ್ನೇ ಎಂಬುದು ಅವರ ಅನುಭವ. ಅವರ ತಲೆಯಲ್ಲಿ ಯಾವಾಗಲೂ ನಾಲ್ಕೈದು ಪಿನ್ನು ಸಿಕ್ಕಿಕೊಂಡಿರುತ್ತವೆ, ಕೂದಲು ಕಟ್ಟಿರುವುದು ಮಾತ್ರ ರಬ್ಬರ್ ಬ್ಯಾಂಡಿನಿಂದ.

ಈ ಡಿಗ್ಗರಿಗೆ ಇದು ಮೂರನೇ ಸ್ನಾನ. ನಾಳೆ ಮಧ್ಯಾಹ್ನ ಹಡಗು. ಸಮುದ್ರ ದಾಟಿ ಬ್ರಿಸ್ಬೇನಿನಲ್ಲಿ ಇಳಿದ ಮೇಲೆ ಅಲ್ಲಿಯವರು ಟಾರ್ಚು ಹಿಡಿದು ಇದರ ಸಂದಿಗೊಂದಿಗಳನ್ನೆಲ್ಲ ಹುಡುಕುತ್ತಾರೆ. ಒಂದು ಬೀಜ, ಒಂದು ಇರುವೆ, ಒಂದು ಚಿಟಿಕೆ ಮಣ್ಣು ಸಿಕ್ಕಿದರೂ ಯಂತ್ರ ವಾಪಸ್ಸು, ಅಕನಿಸಿಗೂ ಅವರ ಜೊತೆಯ ಆರು ಹೆಂಗಸರಿಗೂ ಅಂದಿನಿಂದ ಕೆಲಸವಿಲ್ಲ. ಕಂಪನಿ ಇದನ್ನು ಸುತ್ತಿ ಬಳಸಿ ಹೇಳಿಲ್ಲ, ನೇರವಾಗಿಯೇ ಹೇಳಿದೆ.

ರಾತ್ರಿ ನಿದ್ದೆ ಬಂತೇ ಎಂದು ಕೇಳಿದರೆ ಯಂತ್ರದ ಹೊಟ್ಟೆಯಡಿಯಿಂದಲೇ ಉತ್ತರ ಬರುತ್ತದೆ. "ಎಲ್ಲಿಂದ ನಿದ್ದೆ? ಕಣ್ಣು ಮುಚ್ಚಿದ್ರೆ ಬೀಜ ಕಾಣುತ್ತೆ. ಭಾನುವಾರ ಚರ್ಚಲ್ಲಿ ಎಲ್ರೂ ಬೈಬಲ್ ನೋಡ್ತಿದ್ರೆ ನಾನು ಮುಂದೆ ಕೂತವರು ಸೊಂಟಕ್ಕೆ ಸುತ್ತಿಕೊಂಡ ಸುಲು ಅಂಚಲ್ಲಿ ಮುಳ್ಳುಬೀಜ ಅಂಟಿದ್ಯಾ ಅಂತ ನೋಡ್ತಿರ್ತೀನಿ. ಒಂದು ಸಲ ಕೈ ಹಾಕಿ ಕಿತ್ತೇಬಿಟ್ಟೆ. ಪಾದ್ರಿಯ ಹೆಂಡ್ತಿ ಇವತ್ತಿಗೂ ನನ್ನ ಹತ್ರ ಮಾತಾಡಲ್ಲ."

ರಸ್ತೆ ಮಾಡಲು, ಸೇತುವೆ ಕಟ್ಟಲು ನಮ್ಮ ಫಿಜಿಗೆ ದೊಡ್ಡ ಯಂತ್ರಗಳು ಬರುವಾಗ ನೋಡಬೇಕು. ಮಂತ್ರಿಗಳು ಬರುತ್ತಾರೆ, ರಿಬ್ಬನ್ನು ಕತ್ತರಿಸುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಕೆಲಸ ಮುಗಿಸಿ ಅವೇ ಯಂತ್ರಗಳು ಕೆಸರು ಮೆತ್ತಿಕೊಂಡು ಹಡಗು ಹತ್ತಲು ಬರುವಾಗ ಅವುಗಳನ್ನು ಕೇಳುವವರಿಲ್ಲ. ಆಗ ಇರುವುದು ಅಕನಿಸಿ ಮತ್ತು ಅವರ ಗುಂಪು. ಆಸ್ಟ್ರೇಲಿಯಾದವರಿಗೆ ನಮ್ಮ ಹುಡುಗರು ಬೇಕು, ಹಣ್ಣು ಕೀಳಲು, ರಗ್ಬಿ ಆಡಲು. ನಮ್ಮ ಮಣ್ಣು ಮಾತ್ರ ಬೇಡ. ಅದರಲ್ಲಿ ಕಳೆಬೀಜ ಬಂದರೆ, ಹುಳ ಬಂದರೆ ಅವರ ಬೆಳೆ ಹಾಳಾಗುತ್ತದೆ. ಅವರ ಭಯದಲ್ಲಿ ತಪ್ಪೇನಿಲ್ಲ ಎಂದು ಅಕನಿಸಿಯೂ ಒಪ್ಪುತ್ತಾರೆ. ಆ ಭಯವನ್ನೆಲ್ಲ ತಮ್ಮ ಏಳು ಜನರ ಬೆನ್ನ ಮೇಲೆ ಹೇರಿದ್ದಾರಲ್ಲ ಎಂಬುದಷ್ಟೇ ಅವರ ಸಂಕಟ.

ಮೊದಲು ಅವರು ನಾಂದಿ ಊರಿನ ಕಡಲತೀರದ ಹೋಟೆಲೊಂದರಲ್ಲಿ ರೂಮು ಗುಡಿಸುತ್ತಿದ್ದರು. ಗಂಡ ಇದೇ ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು, ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡರು. ಪ್ರವಾಸಿಗಳು ಬರುವುದು ನಿಂತು ಹೋಟೆಲು ಮುಚ್ಚಿದಾಗ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದರಿನ ಗೇಟಿನಲ್ಲಿ ಕೆಲಸ ಕೇಳುತ್ತಾ ನಿಂತರು. ಹಾಸಿಗೆಯ ಮೇಲೆ ಒಂದು ಕೂದಲು ಬಿಟ್ಟರೂ ಮ್ಯಾನೇಜರಿಂದ ಬೈಸಿಕೊಂಡು ಪಳಗಿದ ಕಣ್ಣು ಇಲ್ಲಿ ಉಪಯೋಗಕ್ಕೆ ಬಂತು. ಈಗ ಎಂಟು ವರ್ಷ. ಮಂಡಿ ಸವೆದಿದೆ, ಬೆರಳ ಸಂದಿಗಳು ಸೋಪಿಗೆ ಸೀಳಿವೆ. ದೊಡ್ಡ ಯಂತ್ರವೊಂದಕ್ಕೆ ಏಳು ಜನ ಸೇರಿ ಮೂರು ದಿನ ಹಿಡಿಯುತ್ತದೆ. ಚಕ್ರದ ಬದಲಿಗಿರುವ ಚೈನು ಪಟ್ಟಿಯ ಒಂದೊಂದು ಕೊಂಡಿಯ ಹಿಂದೆಯೂ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ರೇಡಿಯೇಟರಿನ ಜಾಲರಿಯಲ್ಲಿ ಹುಲ್ಲಿನ ಬೀಜ ಸಿಕ್ಕಿಕೊಂಡಿದ್ದರೆ ಒಂದೊಂದನ್ನೇ ಕೀಳಬೇಕು.

ತೊಳೆದ ಮೇಲಾದರೂ ನೆಮ್ಮದಿಯಾಗಿ ಇರೋಣವೆಂದರೆ ಮೈನಾ ಹಕ್ಕಿಗಳು ಬಿಡುವುದಿಲ್ಲ. ಎಲ್ಲೋ ಪಪ್ಪಾಯಿ ತಿಂದು ಬಂದು ಯಂತ್ರದ ತೋಳಿನ ಮೇಲೆ ಕೂತು ಹಿಕ್ಕೆ ಹಾಕಿದರೆ ಮತ್ತೆ ಮೊದಲಿನಿಂದ ಶುರು. ಅದಕ್ಕೆಂದು ಶಿವ್ ಕುಮಾರಿ ಎಂಬ ಗುಂಪಿನ ಹಿರಿಯ ಹೆಂಗಸು ತವಾ ಮತ್ತು ಸೌಟು ಹಿಡಿದು ಕಾವಲು ಕೂರುತ್ತಾರೆ. ಹಕ್ಕಿ ಬಂದರೆ ತವಾ ಬಡಿಯುತ್ತಾರೆ, ಬಾರದಿದ್ದರೂ ಆಗಾಗ ಬಡಿಯುತ್ತಾರೆ. ಕಬ್ಬು ಅರೆಯುವ ಕಾಲ ಬೇರೆ. ಕಾರ್ಖಾನೆಯ ಚಿಮಣಿಯ ಮಸಿ ಅಂಗಳದ ತುಂಬ ಉದುರುತ್ತದೆ. ಮಸಿ ಮೊಳಕೆಯೊಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಅಕನಿಸಿ ಅದನ್ನು ಬೆರಳಿನಿಂದ ಒರೆಸಿ, ಕಣ್ಣ ಹತ್ತಿರ ಹಿಡಿದು ನೋಡುತ್ತಾರೆ.

ಈ ಅತಿಯಾದ ಎಚ್ಚರಕ್ಕೆ ಕಾರಣವಿದೆ. ಪಕ್ಕದ ಅಂಗಳದಲ್ಲಿ ಇನ್ನೊಂದು ಗುಂಪು ಇತ್ತು. ಅವರು ತೊಳೆದು ಕಳಿಸಿದ, ರಸ್ತೆ ಸಮತಟ್ಟು ಮಾಡುವ ಗ್ರೇಡರೊಂದರಲ್ಲಿ ಬ್ರಿಸ್ಬೇನಿನವರಿಗೆ ಜೀವಂತ ಬಸವನಹುಳು ಸಿಕ್ಕಿತು, ಕಿರುಬೆರಳ ಉಗುರಿನಷ್ಟು. ಗ್ರೇಡರು ಬಂದ ದಾರಿಯಲ್ಲೇ ವಾಪಸ್ಸಾಯಿತು. ಆ ಗುಂಪಿನವರನ್ನು ಯಾರೂ ಬೈಯಲಿಲ್ಲ, ಕೆಲಸದಿಂದ ತೆಗೆದೆವೆಂದೂ ಹೇಳಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೆ. ಅವರಲ್ಲೊಬ್ಬರು ಈಗ ಬಸ್‌ಸ್ಟ್ಯಾಂಡಿನಲ್ಲಿ ರೋಟಿ ಮಾರುತ್ತಾರೆ. ಅಕನಿಸಿ ಅವರ ಬಳಿ ರೋಟಿ ಕೊಳ್ಳುತ್ತಾರಾದರೂ ಮುಖ ನೋಡಿ ಮಾತಾಡಲು ಧೈರ್ಯ ಸಾಲುವುದಿಲ್ಲವಂತೆ.

ಈಗ ತೊಳೆಸಿಕೊಳ್ಳುತ್ತಿರುವ ಡಿಗ್ಗರು ಹೋದ ತಿಂಗಳೇ ಹೋಗಬೇಕಿತ್ತು. ಒಳನಾಡಿನ ಗುಡ್ಡಗಳಲ್ಲಿ ನಕೋರೊಸೌ ಎಂಬ ಹಳ್ಳಿಗೆ ರಸ್ತೆ ಕಡಿದದ್ದು ಇದೇ. ನಕೋರೊಸೌ ಅಕನಿಸಿಯ ತವರು. ರಸ್ತೆ ಬರುವ ಮೊದಲು ಅಲ್ಲಿಂದ ಕಾಯಿಲೆಯವರನ್ನು ಕುದುರೆಯ ಮೇಲೆ ಕೂರಿಸಿ, ಹೊಳೆಯಲ್ಲಿ ಬಿದಿರಿನ ತೆಪ್ಪದ ಮೇಲೆ ಮಲಗಿಸಿ, ಆಮೇಲೆ ಎಲ್ಲಾದರೂ ಒಂದು ಲಾರಿ ಸಿಕ್ಕರೆ ಪುಣ್ಯ ಎಂದು ಕಾಯಬೇಕಿತ್ತು. ಅಕನಿಸಿಯ ಅಣ್ಣನ ಹೆಂಡತಿ ವಿಲಿಮೈನಾ ತಮ್ಮ ಚೊಚ್ಚಲ ಮಗುವನ್ನು ಕಳೆದುಕೊಂಡದ್ದು ಅಂಥದೇ ತೆಪ್ಪದ ಮೇಲೆ. ಈಗ ಬಸ್ಸು ಮನೆ ಬಾಗಿಲಿಗೆ ಬರುತ್ತದೆ. ಕೆಲಸ ಪೂರ್ತಿ ಮುಗಿಯುವ ಮೊದಲೇ, ಅದೇ ರಸ್ತೆಯಲ್ಲಿ ಬಂದ ವಿಲಿಮೈನಾರ ಮೊಮ್ಮಗಳ ಹೆರಿಗೆ ಲೌಟೋಕ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ವಿಲಿಮೈನಾರ ಪಾಲಿಗೆ ಆ ಡಿಗ್ಗರು ಕಬ್ಬಿಣದ ಯಂತ್ರವಲ್ಲ, ಮನೆಗೆ ಬಂದು ಉಪಕಾರ ಮಾಡಿದ ಅತಿಥಿ.

ಅತಿಥಿ ಹೊರಡುವಾಗ ನಮ್ಮಲ್ಲಿ ಬೀಳ್ಕೊಡುಗೆಯಿಲ್ಲದೆ ಕಳಿಸುವುದುಂಟೇ? ರಸ್ತೆ ಮುಗಿದ ದಿನ ಊರಿಗೆ ಊರೇ ಚಾಪೆ ಹಾಸಿ ಯಂಗೋನ ಬೇರಿನ ಪುಡಿ ನೀರಲ್ಲಿ ಕಲಸಿ ಕುಡಿಯಿತು. ಡ್ರೈವರನ ಕೊರಳಿಗೂ ಡಿಗ್ಗರಿನ ಕೊರಳಿಗೂ ಸಲುಸಲು ಎಂಬ ಹೂವಿನ ಹಾರ ಹಾಕಿದರು. ಕಂಪನಿಯವರು ಅದನ್ನೆಲ್ಲ ಊರಿನ ಗಡಿಯಲ್ಲೇ ಬಿಚ್ಚಿ ಎಸೆದು ಯಂತ್ರವನ್ನು ಟ್ರೇಲರಿಗೆ ಹತ್ತಿಸಿದರು. ಹಾಗೆ ಎಸೆಯುತ್ತಾರೆಂದು ವಿಲಿಮೈನಾ ಮೊದಲೇ ಊಹಿಸಿದ್ದರು. ಅದಕ್ಕೆ ಹಿಂದಿನ ಸಂಜೆಯೇ ತಮ್ಮದೊಂದು ಏರ್ಪಾಡು ಮಾಡಿಕೊಂಡಿದ್ದರು. ಅದು ಅಕನಿಸಿಗೆ ಗೊತ್ತಿರಲಿಲ್ಲ.

ಹೋದ ತಿಂಗಳು ಡಿಗ್ಗರಿನ ಜೊತೆ ಇನ್ನೂ ಐದು ಯಂತ್ರಗಳಿದ್ದವು. ತೊಳೆಯುವಾಗ ಅಕನಿಸಿ ಡಿಗ್ಗರಿನ ತೋಳು ಶುರುವಾಗುವ ಬುಡದಲ್ಲಿ, ಕೈ ಹೋಗುವಷ್ಟು ದೊಡ್ಡ ತೂತಿನಲ್ಲಿ ಬಟ್ಟೆ ತುರುಕಿರುವುದನ್ನು ನೋಡಿದರು. ವೈರುಗಳಿಗೆ ನೀರು ತಾಗಬಾರದೆಂದು ಮೆಕ್ಯಾನಿಕ್ಕುಗಳು ಅಲ್ಲಲ್ಲಿ ಹೀಗೆ ಬಟ್ಟೆ ತುರುಕುವುದು ವಾಡಿಕೆ. ಅದನ್ನು ಮುಟ್ಟಕೂಡದೆಂದು ತೊಳೆಯುವವರಿಗೆ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ಆದರೆ ಈ ಬಟ್ಟೆ ನೀಲಿ ಬಣ್ಣದ್ದು, ಅದರ ಮೇಲೆ ಬಿಳಿ ಹೂವು. ಮೆಕ್ಯಾನಿಕ್ಕುಗಳು ಹೂವಿನ ಬಟ್ಟೆ ಯಾವಾಗಿನಿಂದ ಬಳಸತೊಡಗಿದರು ಎಂದು ಅಕನಿಸಿಗೆ ಒಂದು ಕ್ಷಣ ಅನ್ನಿಸಿತು. ಹಡಗಿಗೆ ಯಂತ್ರ ಹತ್ತಿಸುವ ಮೇಲ್ವಿಚಾರಕ ಉಮ್ಲೇಶ್ ಅತ್ತಿಂದಿತ್ತ ಓಡಾಡುತ್ತ ಅವಸರ ಮಾಡುತ್ತಿದ್ದ. ಕೇಳಿದ್ದಕ್ಕೆ, ಮೆಕ್ಯಾನಿಕ್ಕಿನದೇ ಇರಬೇಕು, ಬಿಡಿ ಎಂದ. ಅಕನಿಸಿ ಬಿಟ್ಟರು.

ಮರುದಿನ ಬೆಳಿಗ್ಗೆ ತಪಾಸಣೆ ಮಾಡಿದ್ದು ಬ್ರೋನ್‌ವಿನ್ ಎಂಬ ಹೆಂಗಸು. ಹಡಗು ಬರುವಾಗಲೆಲ್ಲ ಕಂಪನಿ ಇವರನ್ನು ಬ್ರಿಸ್ಬೇನಿನಿಂದ ಕರೆಸುತ್ತದೆ. ಗಟ್ಟಿ ಆಳು, ಮಾತು ಕಡಿಮೆ, ಅಕನಿಸಿಯ ಹಾಗೆಯೇ ನೆಲದ ಮೇಲೆ ಅಂಗಾತ ಮಲಗಿ ನೋಡುವವರು. ಅವರೂ ಬಟ್ಟೆಯನ್ನು ಕಂಡು ವೈರಿನ ಮುಚ್ಚಿಗೆಯೆಂದು ಮುಂದೆ ಹೋದರು. ಆರು ಯಂತ್ರಕ್ಕೂ ಒಪ್ಪಿಗೆ ಸಿಕ್ಕಿತು. ಅವುಗಳನ್ನು ಹಗ್ಗ ಕಟ್ಟಿದ ಸಾಲಿನಲ್ಲಿ ನಿಲ್ಲಿಸಿದರು. ಒಮ್ಮೆ ಆ ಸಾಲಿಗೆ ಬಂದ ಯಂತ್ರವನ್ನು ಯಾರೂ ಮುಟ್ಟುವ ಹಾಗಿಲ್ಲ. ಹಡಗಿನ ಹಿಂಬಾಗಿಲು ತೆರೆದುಕೊಂಡು, ಅವು ಒಂದೊಂದಾಗಿ ಒಳಗೆ ಓಡಿ ಹೋಗುವುದಷ್ಟೇ ಬಾಕಿ.

ಹೆಂಗಸರು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತರು. ಶಿವ್ ಕುಮಾರಿಯ ರೋಟಿ, ಅಕನಿಸಿಯ ಬೇಯಿಸಿದ ಮರಗೆಣಸು, ಡಬ್ಬಿ ಮೀನು, ನಿಂಬೆ ಎಲೆಯ ಚಹಾ. ಆಗಲೇ ವಿಲಿಮೈನಾರ ಫೋನು ಬಂತು.

"ಏನೇ ಅಕನಿಸಿ, ನಮ್ಮ ಅತಿಥಿ ಹೊರಟ್ನಾ?"

"ಇನ್ನೇನು ಹಡಗು ಹತ್ತುತ್ತೆ ಅತ್ತಿಗೆ."

"ಸದ್ಯ. ಬರಿಗೈಲಿ ಕಳಿಸ್ಲಿಲ್ಲ ಕಣೆ. ಒಂದು ಸಲುಸಲು, ಒಂದು ತುಂಡು ಯಂಗೋನ ಬೇರು, ಬಾಳೆ ಎಲೇಲಿ ಕಟ್ಟಿ ಅದರ ಎದೆ ಹತ್ರ ಇಟ್ಟಿದೀನಿ. ಉದುರಿ ಹೋಗ್ಬಾರ್ದು ಅಂತ ನನ್ನ ಹಳೇ ಸುಲು ಹರಿದು ಬಾಯಿಗೆ ತುರುಕಿದೀನಿ."

ಅಕನಿಸಿ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. "ನೀಲಿ ಸುಲುನಾ?"

"ನೀಲೀದೇ. ಬಿಳಿ ಹೂವಿಂದು. ನಿಂಗೆ ಹೆಂಗೆ ಗೊತ್ತು?"

ಅಕನಿಸಿ ಅತ್ತಿಗೆಗೆ ಬೈಯಲಿಲ್ಲ. ಆಮೇಲೆ ಮಾಡುತ್ತೇನೆಂದು ಫೋನಿಟ್ಟು ಉಮ್ಲೇಶನನ್ನು ಹುಡುಕಿಕೊಂಡು ಓಡಿದರು. ಮೊದಲ ಯಂತ್ರ ಆಗಲೇ ಹಡಗಿನ ಬಾಗಿಲಿನ ಕಡೆ ಹೊರಟಿತ್ತು. ಡಿಗ್ಗರಿನದು ನಾಲ್ಕನೇ ಸರದಿ.

ಉಮ್ಲೇಶ್ ಕೆಟ್ಟವನಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವನಿಗೂ ಮೇಲಿನವರ ಭಯ. ಎಲ್ಲ ಕೇಳಿ, ಸುತ್ತ ನೋಡಿ, ದನಿ ತಗ್ಗಿಸಿದ. "ಆಂಟಿ, ಕೂಗಾಡ್ಬೇಡಿ. ನಾನು ಆ ಕಡೆ ತಿರುಗಿ ನಿಂತ್ಕೋತೀನಿ. ನೀವು ಹೋಗಿ ಎಳೆದು ತೆಗೆದು ಸಮುದ್ರಕ್ಕೆ ಎಸೀರಿ. ಒಂದು ನಿಮಿಷದ ಕೆಲಸ."

ಅಕನಿಸಿ ಹೋದರು ಕೂಡ. ಅದನ್ನು ಅವರು ಮುಚ್ಚಿಡುವುದಿಲ್ಲ. ಹಗ್ಗ ದಾಟಿ, ಚೈನು ಪಟ್ಟಿಯ ಮೇಲೆ ಹತ್ತಿ, ತೋಳಿನ ಬುಡಕ್ಕೆ ಕೈ ಹಾಕಿದರು. ಬಟ್ಟೆಯ ಅಂಚಿನಿಂದ ಒಂದು ಇರುವೆ ಹೊರಬಂತು. ಅದರ ಹಿಂದೆ ಇನ್ನೊಂದು. ಅವು ಅವಸರವಿಲ್ಲದೆ ವೈರುಗಳನ್ನು ಹಿಡಿದು ಡ್ರೈವರ್ ಕೂರುವ ಕಡೆ ಹೋದವು.

"ಹೂವು ಒಂದೇ ಇದ್ದಿದ್ರೆ ಎಸೀತಿದ್ನೇನೋ" ಎನ್ನುತ್ತಾರೆ ಅಕನಿಸಿ. "ನನಗೂ ಮಕ್ಕಳಿದಾರೆ, ನಾನೇನು ದೇವರಲ್ಲ. ಆದ್ರೆ ಇರುವೆ ಮನೆ ಮಾಡ್ಕೊಂಡಿದ್ವು. ಗಂಟು ತೆಗೆದ್ರೂ ಅವು ಅಲ್ಲೇ ಇರ್ತಾವೆ. ಬಟ್ಟೆ ನೋಡಿ ಒಂದು ಸಲ ಸುಮ್ನೆ ಬಿಟ್ಟಿದ್ದೆ. ಇನ್ನೊಂದು ಸಲ ಬಿಡೋದು ಹೆಂಗೆ?"

ಕೆಳಗಿಳಿದು ನೇರ ಬ್ರೋನ್‌ವಿನ್ ಬಳಿಗೆ ಹೋದರು. ಅವರ ಹರಕು ಇಂಗ್ಲಿಷಿನಲ್ಲಿ ಅತ್ತಿಗೆ, ಅತಿಥಿ, ಸಲುಸಲು ಎಲ್ಲ ಹಿಂದುಮುಂದಾಯಿತು. ಇರುವೆ ಎಂಬ ಮಾತೊಂದು ಸರಿಯಾಗಿ ತಲುಪಿತು. ಬ್ರೋನ್‌ವಿನ್ ಟಾರ್ಚು ಹಿಡಿದು ಹತ್ತಿ ನೋಡಿ ಬಂದರು. ಮುಖ ಕೆಂಪಗಾಗಿತ್ತು. ನಾನೂ ನೋಡಿ ಬಿಟ್ಟಿದ್ದೆ ಎಂದು ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಆಮೇಲೆ ಉಮ್ಲೇಶನಿಗೆ ಹೇಳಿದ್ದು ಒಂದೇ ಮಾತು, ಇದು ಹೋಗುವುದಿಲ್ಲ. ಉಳಿದ ಐದನ್ನೂ ಮತ್ತೆ ನೋಡಬೇಕಾಯಿತು. ಹಡಗಿನವರು ಕೂಗಾಡಿದರು. ಕಡಲಿನ ಇಳಿತ ಶುರುವಾಗುವ ಮೊದಲು ಐದು ಯಂತ್ರ ಹತ್ತಿದವು. ಬಾಗಿಲು ಮುಚ್ಚಿಕೊಂಡಿತು. ಖಾಲಿ ಸಾಲಿನಲ್ಲಿ ಡಿಗ್ಗರೊಂದೇ ನಿಂತಿತು, ಅದರ ಪಕ್ಕದಲ್ಲಿ ಏಳು ಹೆಂಗಸರು.

ತೋಳನ್ನು ಬಿಚ್ಚಿಸಿದಾಗ ಒಳಗೆ ಬಾಳೆ ಎಲೆ ಕೊಳೆತು ಕಪ್ಪಾಗಿತ್ತು. ಇರುವೆಗಳು ಬಿಳಿ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡು ದಿಕ್ಕಾಪಾಲಾಗಿ ಓಡಿದವು. ಸಲುಸಲುವಿನಲ್ಲಿದ್ದ ಮೊಕೊಸೊಯಿ ಹೂವಿನ ವಾಸನೆ ಮಾತ್ರ ಹಾಗೇ ಇತ್ತು. ಶಿವ್ ಕುಮಾರಿ ಮೂಗು ಮುಂದೆ ಮಾಡಿ, "ಹಾಳಾದ್ದು, ಎಷ್ಟು ಘಮ ಅಂತಿದೆ ನೋಡು" ಎಂದರು.

ಕಂಪನಿಯ ತೀರ್ಮಾನವನ್ನು ಉಮ್ಲೇಶ್ ತಂದು ಹೇಳಿದ. ಡಿಗ್ಗರನ್ನು ಮತ್ತೆ ತೊಳೆಯಿರಿ, ಮುಂದಿನ ಹಡಗಿನಲ್ಲಿ ಕಳಿಸಿ. ಬ್ರಿಸ್ಬೇನಿನಲ್ಲಿ ಏನೂ ಸಿಗದಿದ್ದರೆ ಮುಂದೆ ಸೇತುವೆ ಕಟ್ಟಿ ಮುಗಿಸಿ ಬರುವ ಯಂತ್ರಗಳನ್ನು ತೊಳೆಯುವ ಕೆಲಸವೂ ನಿಮಗೇ. ಏನಾದರೂ ಸಿಕ್ಕಿದರೆ ರಾಜಧಾನಿ ಸೂವಾದಿಂದ ಬೇರೆ ಗುಂಪು ಬರುತ್ತದೆ. ಇಷ್ಟು ಹೇಳಿ ಅವನು ಬಹಳ ದಿನ ಅಕನಿಸಿಯ ಜೊತೆ ಮಾತು ಬಿಟ್ಟ.

ಅದಾದ ವಾರ ವಿಲಿಮೈನಾ ತಾವೇ ಬಂದರು, ಹೊಸ ರಸ್ತೆಯಲ್ಲಿ ಬಸ್ಸು ಹತ್ತಿ, ಇಸ್ತ್ರಿ ಮಾಡಿದ ಉದ್ದನೆಯ ಜಂಬಾ ಉಡುಪು ತೊಟ್ಟು, ಕಂಕುಳಲ್ಲಿ ಒಂದು ಕಟ್ಟು ಯಂಗೋನ ಬೇರು ಇಟ್ಟುಕೊಂಡು. ತಪ್ಪಾದಾಗ ಬೇರನ್ನು ಮುಂದಿಟ್ಟು ಕ್ಷಮೆ ಕೇಳುವುದು ಕ್ರಮ. ಆದರೆ ಅಂಗಳದೊಳಗೆ ಬೇರು ತರುವ ಹಾಗಿಲ್ಲ. ಅಕನಿಸಿ ಗೇಟಿನಲ್ಲೇ ತಡೆದರು. ಬೇರನ್ನು ಕಾವಲುಗಾರನ ಗೂಡಿನಲ್ಲಿ ಇಡಿಸಿದರು. ಅತ್ತಿಗೆಯ ಚಪ್ಪಲಿ ಬಿಚ್ಚಿಸಿ, ಪೈಪು ಹಿಡಿದು ಅವರ ಕಾಲು ತೊಳೆದರು, ಜಂಬಾದ ಅಂಚನ್ನು ತಿರುಗಿಸಿ ಮುರುಗಿಸಿ ನೋಡಿ ಎರಡು ಮುಳ್ಳುಬೀಜ ಕಿತ್ತರು. ಕ್ಷಮೆ ಕೇಳಲು ಬಂದ ಹಿರಿಯಳಿಗೆ ಇಂಥ ಸತ್ಕಾರ ನಮ್ಮ ಕಡೆ ಹಿಂದೆಂದೂ ಆಗಿರಲಿಕ್ಕಿಲ್ಲ.

ಒಳಗೆ ಬಂದ ವಿಲಿಮೈನಾ ಸಿಮೆಂಟಿನ ನೆಲದ ಮೇಲೆ ಕೂತು, ಡಿಗ್ಗರನ್ನೂ ಹೆಂಗಸರನ್ನೂ ನೋಡಿ, ಬೇರಿಲ್ಲದ ಬರಿಗೈಗಳನ್ನು ಮುಂದೆ ಚಾಚಿದರು. "ನಾನು ಓದಿದವಳಲ್ಲ. ಅದು ಬಂದಿದ್ದಕ್ಕೆ ನನ್ನ ಮೊಮ್ಮಗಳು ಉಳಿದಳು. ನನ್ನ ಮಗು ಉಳೀಲಿಲ್ಲ, ಇವಳು ಉಳಿದಳು. ಏನೂ ಕೊಡದೆ ಹೋಗು ಅನ್ನೋಕೆ ಬಾಯಿ ಬರ್ಲಿಲ್ಲ. ನಿಮ್ಮ ಅನ್ನಕ್ಕೆ ಕಲ್ಲು ಹಾಕ್ಬೇಕು ಅಂತ ಮಾಡಿದ್ದಲ್ಲ."

ಹೆಂಗಸರು ಮೂರು ಸಲ ಚಪ್ಪಾಳೆ ತಟ್ಟಿ ಕ್ಷಮೆಯನ್ನು ಒಪ್ಪಿಕೊಂಡರು. ಅಕನಿಸಿ ಅತ್ತಿಗೆಯ ಪಕ್ಕದಲ್ಲಿ ಕೂತು ಅತ್ತರು. ಸಿಟ್ಟಿಗೆ ಅತ್ತರೋ ಸಂಕಟಕ್ಕೋ ಎಂದು ಅವರಿಗೇ ಗೊತ್ತಿಲ್ಲ. ಆಮೇಲೆ ಮೂಗು ಒರೆಸಿಕೊಂಡು, ಇರುವೆ ಬೇರೆ ಎಲ್ಲಾದರೂ ನುಗ್ಗಿರಬಹುದೇ ಎಂದು ನೋಡಲು ಮತ್ತೆ ಯಂತ್ರದಡಿಗೆ ಹೋದರು.

ಅಂದಿನಿಂದ ಒಂದು ಹೊಸ ಕ್ರಮ ಶುರುವಾಗಿದೆ. ಯಂತ್ರ ಅಂಗಳಕ್ಕೆ ಬಂದ ಕೂಡಲೇ ನೀರು ಬಿಡುವುದಿಲ್ಲ. ಅದು ಎಲ್ಲಿ ಕೆಲಸ ಮಾಡಿತ್ತೋ ಆ ಊರಿನ ಹೆಂಗಸರಿಗೆ ಮೊದಲು ಫೋನು. ಗಂಡಸರಿಗೆ ಮಾಡಿದರೆ ಏನೂ ಇಲ್ಲ ಎನ್ನುತ್ತಾರೆ, ಅವರಿಗೆ ಗೊತ್ತಿರುವುದಿಲ್ಲ. ಅತಿಥಿಗೆ ಏನು ಕೊಟ್ಟಿರಿ, ಎಲ್ಲಿಟ್ಟಿರಿ ಎಂದು ಅಕನಿಸಿ ನಯವಾಗಿ ಕೇಳುತ್ತಾರೆ. ಮೊನ್ನೆ ಬಂದ ಒಂದು ರೋಲರಿನ ಸೀಟಿನಡಿ ಹೀಗೆ ಕೇಳಿಯೇ ಒಂದು ಹಿಡಿ ಕೆಸುವಿನ ಗೆಡ್ಡೆ ಸಿಕ್ಕಿತು. ದಾರಿಯಲ್ಲಿ ಹಸಿವಾದೀತೆಂದು ಇಟ್ಟದ್ದಂತೆ.

ಯಂತ್ರದ ಕೆಳಗಿನಿಂದ ಅಕನಿಸಿ ಈಗ ಹೊರಬರುತ್ತಾರೆ. ಬಿಸಿಲು ಏರಿದೆ. ಮುಚ್ಚಳದ ಮೇಲಿನ ಕೆಂಪು ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ನಕೋರೊಸೌನ ಮಣ್ಣು ಇಷ್ಟು ಕೆಂಪಗೆ ಬೇರೆ ಕಡೆ ಇಲ್ಲ. ಅಪ್ಪ ಅಮ್ಮ ಮಲಗಿರುವುದು ಇದೇ ಮಣ್ಣಿನಲ್ಲಿ. ಹೊಸ ರಸ್ತೆಯಲ್ಲಿ ಅವರಿನ್ನೂ ಒಮ್ಮೆಯೂ ತವರಿಗೆ ಹೋಗಿಲ್ಲ. ಹೋದರೆ ಬಟ್ಟೆಯಲ್ಲಿ ಬೀಜ ಅಂಟಿ ಬಂದೀತು, ಈ ಹಡಗು ಹೋಗಲಿ, ಆ ಹಡಗು ಹೋಗಲಿ ಎಂದು ಮುಂದೂಡುತ್ತಲೇ ಇದ್ದಾರೆ. ಮಣ್ಣನ್ನು ಗುಂಡಿಗೆ ಹಾಕಿ ಮುಚ್ಚಳ ತೊಳೆದು ಒರೆಸಿಡುತ್ತಾರೆ.

ಮರುದಿನ ಬ್ರೋನ್‌ವಿನ್ ಬರುತ್ತಾರೆ. ಈ ಸಲ ಕಂಡ ಬಟ್ಟೆಯನ್ನೆಲ್ಲ ಎಳೆಸುತ್ತಾರೆ, ಹಾಗೆ ಎಳೆಸುವಾಗ ಅಕನಿಸಿಯ ಕಡೆ ನೋಡಿ ಒಂದು ಹುಬ್ಬು ಏರಿಸುತ್ತಾರೆ. ಒಪ್ಪಿಗೆ ಸಿಗುತ್ತದೆ. ಇಲ್ಲಿ ಸಿಕ್ಕ ಒಪ್ಪಿಗೆಗೆ ಅಲ್ಲಿ ಪೂರ್ತಿ ಬೆಲೆಯಿಲ್ಲ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಯಾರ ಮುಖದಲ್ಲೂ ಗೆಲುವಿಲ್ಲ. ಡಿಗ್ಗರು ತಾನೇ ಓಡಿಕೊಂಡು ಹಡಗಿನ ಹೊಟ್ಟೆಯೊಳಗೆ ಹೋಗುತ್ತದೆ. ಒಳಗೆ ಸರಪಳಿ ಬಿಗಿಯುವ ಸದ್ದು ಕೇಳುತ್ತದೆ. ಶಿವ್ ಕುಮಾರಿ ಕೊನೆಯ ಗಳಿಗೆಯವರೆಗೂ ತವಾ ಬಡಿಯುತ್ತಾ, ಬಾಗಿಲ ಮೇಲೆ ಕೂತ ಮೈನಾವೊಂದನ್ನು ಬೈಯುತ್ತಾ ನಿಲ್ಲುತ್ತಾರೆ.

ಆಮೇಲಿನ ದಿನಗಳು ಕೆಟ್ಟವು. ಕೈಗೆ ಕೆಲಸವಿದ್ದರೂ ಮನಸ್ಸು ಹಡಗಿನಲ್ಲಿ. ಅಕನಿಸಿಗೆ ಊಟ ಸೇರುವುದಿಲ್ಲ. ಯಾವುದೋ ಬೋಲ್ಟಿನ ಹಿಂದೆ ಪಿನ್ನು ಹಾಕಿದ್ದೆನೇ ಇಲ್ಲವೇ ಎಂದು ಚಹಾ ಕುಡಿಯುವಾಗ ಥಟ್ಟನೆ ನೆನಪಾಗಿ ಲೋಟ ಹಿಡಿದುಕೊಂಡೇ ಎದ್ದು ನಿಲ್ಲುತ್ತಾರೆ. ಹಡಗು ಮುಟ್ಟಿತು ಎಂಬ ಸುದ್ದಿ ಬರುತ್ತದೆ, ತಪಾಸಣೆಯ ಸುದ್ದಿ ಬರುವುದಿಲ್ಲ. ಅಂಗಳಕ್ಕೆ ಯಾರ ಗಾಡಿ ಬಂದರೂ ಏಳು ತಲೆಗಳು ಒಟ್ಟಿಗೆ ತಿರುಗುತ್ತವೆ.

ಗುರುವಾರ ಮಧ್ಯಾಹ್ನ ಉಮ್ಲೇಶ್ ನಡೆದುಕೊಂಡು ಬರುತ್ತಾನೆ. ಪಂಪು ನಿಲ್ಲುತ್ತದೆ. ಅವನು ಮುಖ ಗಂಟಿಕ್ಕಿಕೊಂಡೇ ಹತ್ತಿರ ಬಂದು, "ಆಂಟಿ, ಅಲ್ಲಿ ಎರಡು ದಿನ ಹುಡುಕಿದ್ರಂತೆ" ಎಂದು ಬಂದರಿನ ಕಡೆ ತಿರುಗಿ ನೋಡುತ್ತಾನೆ. "ಏನೂ ಸಿಗ್ಲಿಲ್ವಂತೆ."

ಶಿವ್ ಕುಮಾರಿ ತವಾ ಎಸೆದು ಅವನ ಬೆನ್ನಿಗೆ ಒಂದು ಗುದ್ದು ಹಾಕುತ್ತಾರೆ, ಇದನ್ನು ಹೇಳಲು ಆ ಮುಖ ಯಾಕೆ ಎಂದು. ಒಬ್ಬಳು ನೆಲಕ್ಕೆ ಕುಸಿದು ಕೂರುತ್ತಾಳೆ, ಒಬ್ಬಳು ಪ್ರಾರ್ಥನೆ ಶುರುಮಾಡುತ್ತಾಳೆ. ಅಕನಿಸಿ ಗೋಡೆಯ ಹತ್ತಿರ ಹೋಗಿ, ಒದ್ದೆ ಕೈಯನ್ನು ಸುಲುವಿಗೆ ಒರೆಸಿಕೊಂಡು ಅತ್ತಿಗೆಗೆ ಫೋನು ಹಚ್ಚುತ್ತಾರೆ.

"ಅತ್ತಿಗೆ, ನಿಮ್ಮ ಅತಿಥಿ ಮುಟ್ಟಿದ. ಅಲ್ಲಿ ಏನೂ ಸಿಗ್ಲಿಲ್ವಂತೆ."

ಆ ಕಡೆಯಿಂದ ದೇವರಿಗೊಂದು ವಂದನೆ ಕೇಳುತ್ತದೆ. ಮತ್ತೆ ವಿಲಿಮೈನಾರ ದನಿ, ಮೊದಲಿಗಿಂತ ಸಣ್ಣಗೆ.

"ಏನೂ ಅಂದ್ರೆ ಏನೂ ಇಲ್ವಾ? ನಮ್ಮೂರಿನ ಒಂದು ಚೂರು ಮಣ್ಣೂ?"

"ಒಂದು ಚೂರೂ ಇಲ್ಲ ಅತ್ತಿಗೆ" ಎನ್ನುತ್ತಾರೆ ಅಕನಿಸಿ. "ನಾನೇ ತೊಳ್ದಿದ್ದು."